ಭಾನುವಾರ ಕಡಲತೀರ ಇಲ್ಲ, ಪುಸ್ತಕ ತನ್ನಿ

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಮಳೆ ಬಿಡುವ ಹಾಗೆ ಕಾಣುತ್ತಿಲ್ಲ. ಹಾಗಾಗಿ ಈ ಭಾನುವಾರ ಫೋಟೋ ತೆಗೆಯಲು ಕಡಲತೀರಕ್ಕೆ ಹೋಗುವ ಬದಲು ಸಂಜೆ 4ಕ್ಕೆ ನಮ್ಮ ಮನೆಯಲ್ಲೇ ಸೇರೋಣ. ನೀವು ಯಾವಾಗಲೂ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿರುವ ಒಂದು ಫೋಟೋಗ್ರಫಿ ಪುಸ್ತಕ ತನ್ನಿ.

ನನ್ನದು ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಅವರ ‘ದಿ ನೆಗೆಟಿವ್’. ಫಿಲ್ಮ್ ಕಾಲದ್ದು ಈಗ್ಯಾಕೆ ಅಂತೀರಾ? ಹೋದ ವರ್ಷ ಠಾಗೋರ್ ಬೀಚಿನಲ್ಲಿ ತೆಗೆದ ನೊರೆಯ ಫೋಟೋಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು, ನೆನಪಿದೆ ಅಲ್ವಾ? ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಎದುರಿಗಿದ್ದದ್ದನ್ನೆಲ್ಲ ನಡುಬೂದು ಅಂದುಕೊಳ್ಳುತ್ತದೆ. ಚೌಕಟ್ಟಿನ ತುಂಬ ನೊರೆಯೇ ಇದ್ದರೆ ಎಕ್ಸ್‌ಪೋಷರ್, ಅಂದರೆ ಒಳಗೆ ಬಿಡುವ ಬೆಳಕು, ಒಂದು, ಒಂದೂವರೆ ಸ್ಟಾಪ್ ಏರಿಸಬೇಕು (ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡು ಪಟ್ಟು). ಆಡಮ್ಸ್ ಇದನ್ನೇ ಕಪ್ಪಿನಿಂದ ಬಿಳಿಯವರೆಗೆ 11 ಮೆಟ್ಟಿಲು ಮಾಡಿ ತೋರಿಸಿದ್ದಾರೆ.

ಫೋಟೋಗ್ರಾಫರ್ ರಾಬರ್ಟ್ ಫ್ರಾಂಕ್ ಅವರ ಫೋಟೋ ಪುಸ್ತಕ ‘ದಿ ಅಮೆರಿಕನ್ಸ್’ ಯಾರ ಹತ್ತಿರವಾದರೂ ಇದೆಯಾ? ಸಾವಿರಾರು ಚಿತ್ರ ತೆಗೆದು ಉಳಿಸಿಕೊಂಡದ್ದು ಬರೀ 83. ದಿನಾ ಸುಮ್ನೆ ನಲವತ್ತು ಫೋಟೋ ಗುಂಪಿಗೆ ಸುರಿಯುವವರು (ನನ್ನನ್ನೂ ಸೇರಿಸಿ) ನೋಡಬೇಕಾದ್ದು.

ಪುಸ್ತಕಕ್ಕೆ ಪ್ಲಾಸ್ಟಿಕ್ ಕೊಟ್ಟೆ ಸುತ್ತಿ ತನ್ನಿ. ನನ್ನ ಪ್ರತಿಯ ರಟ್ಟಿಗೆ ಆಗಲೇ ಬೂಷ್ಟು ಬಂದಿದೆ. ಬರುವವರು ಶನಿವಾರ ಸಂಜೆಯೊಳಗೆ ತಿಳಿಸಿ. ಬನ್ಸ್ ಹಿಟ್ಟು ರಾತ್ರಿಯೇ ಕಲಸಿಡಬೇಕು.