ಹಸಿರು ಎಲೆಯ ಗುರುತು ಇನ್ನಿರುವುದಿಲ್ಲ

ಆತ್ಮೀಯ ಗ್ರಾಹಕರೇ,

ಮುಂದಿನ ಮುದ್ರಣದಿಂದ ನಮ್ಮ ನೋಟ್‌ಬುಕ್‌ಗಳ ಹಿಂಬದಿಯಲ್ಲಿ ಹಸಿರು ಎಲೆಯ ಗುರುತು ಇರುವುದಿಲ್ಲ. ಅದರ ಕೆಳಗಿದ್ದ 'ಕಾರ್ಬನ್ ನ್ಯೂಟ್ರಲ್' (ನಮ್ಮಿಂದ ಬಂದಷ್ಟು ಹೊಗೆಯನ್ನು ದುಡ್ಡು ಕೊಟ್ಟು ಬೇರೆ ಕಡೆ ತಪ್ಪಿಸಿದ್ದೇವೆ) ಅನ್ನುವ ಮಾತೂ ಇರುವುದಿಲ್ಲ. ಕಾಗದ ಅದೇ, ಹೊಲಿಗೆ ಅದೇ, ಬೆಲೆಯೂ ಅದೇ. ಆ ಮಾತಿನ ಮೇಲೆ ನಮಗಿದ್ದ ನಂಬಿಕೆ ಮಾತ್ರ ಮೊದಲಿನಂತಿಲ್ಲ.

ನಿಮ್ಮಲ್ಲೇ ಒಬ್ಬರು ಬರೆದ ಒಂದು ಸಾಲಿನಿಂದ ಇದೆಲ್ಲ ಶುರುವಾಯಿತು: "ಇಷ್ಟು ಟನ್ ಉಳಿಯಿತು ಅಂತೀರಲ್ಲ, ಎಣಿಸಿದ್ದು ಯಾರು?" ನಮ್ಮ ಕೈಯಲ್ಲಿದ್ದದ್ದು ನಾವು ಕೊಂಡ ಕಾರ್ಬನ್ ಕ್ರೆಡಿಟ್‌ಗಳ ಒಂದು ಸರ್ಟಿಫಿಕೇಟ್. ಅದನ್ನೇ ಕಳಿಸಿ ಸುಮ್ಮನಾಗಬಹುದಿತ್ತು. ಕಳಿಸುವ ಮೊದಲು ಅದರ ಹಿಂದಿನ ವರದಿಯನ್ನು ಒಮ್ಮೆ ಓದೋಣ ಅಂತ ಕೂತೆವು. ನಿಜ ಹೇಳಬೇಕೆಂದರೆ, ಕೊಳ್ಳುವಾಗ ಓದಿರಲಿಲ್ಲ.

ಒಂದು ಕ್ರೆಡಿಟ್ ಅಂದರೆ 1 ಟನ್ ಕಾರ್ಬನ್ ಡೈಆಕ್ಸೈಡ್‌ನ ಲೆಕ್ಕ. ಅಷ್ಟು ಹೊಗೆ ಬೇರೆಲ್ಲೋ ತಪ್ಪಿತು, ಅದಕ್ಕೆ ನಾವು ದುಡ್ಡು ಕೊಟ್ಟೆವು ಅಂತ ಅರ್ಥ. ಬಂದ ಹೊಗೆಯನ್ನು ಅಳೆಯಬಹುದು. ಬಾರದ ಹೊಗೆಯನ್ನು ಅಳೆಯುವುದು ಹೇಗೆ? ಯೋಜನೆ ಇಲ್ಲದಿದ್ದರೆ ಎಷ್ಟು ಬರುತ್ತಿತ್ತು ಅಂತ ಊಹಿಸಿ, ಈಗ ಬರುತ್ತಿರುವುದನ್ನು ಅದರಿಂದ ಕಳೆಯುತ್ತಾರೆ. ಆ ಊಹೆಗೆ ಬೇಸ್‌ಲೈನ್ ಅನ್ನುತ್ತಾರೆ. ಅದನ್ನು ಸ್ವಲ್ಪ ಉಬ್ಬಿಸಿದರೆ ಸಾಕು, ಏನೂ ಮಾಡದೆಯೇ ಟನ್‌ಗಟ್ಟಲೆ ಉಳಿತಾಯ ಕಾಣುತ್ತದೆ.

ಅದಕ್ಕೇ ಹೊರಗಿನ ಆಡಿಟರ್ ಬೇಕು. ಯೋಜನೆ ಶುರುವಾಗುವಾಗ ಅದರ ವಿನ್ಯಾಸವನ್ನು ನೋಡುವುದು ವ್ಯಾಲಿಡೇಶನ್. ಆಮೇಲೆ, ನಿಜವಾಗಿ ಎಷ್ಟು ತಗ್ಗಿತು ಅಂತ ಅವಧಿಗೊಮ್ಮೆ ನೋಡುವುದು ವೆರಿಫಿಕೇಶನ್. ಕ್ರೆಡಿಟ್ ಹುಟ್ಟುವುದು ಎರಡನೆಯದರ ನಂತರ.

ನಾವು ಕೊಂಡಿದ್ದು ಕಡಿಮೆ ಸೌದೆ ಉರಿಸುವ ಒಲೆಗಳ ಯೋಜನೆಯ ಕ್ರೆಡಿಟ್. ಆಡಿಟರ್ ಕೆಲವು ಮನೆಗಳನ್ನು ಆರಿಸಿ ಹೋಗಿದ್ದರು. "ಹೊಸ ಒಲೆ ಬಳಸ್ತೀರಾ?" ಅಂದರೆ ಎಲ್ಲರೂ ಹೌದು ಅಂದಿದ್ದರು. ಒಲೆ ಕೊಟ್ಟವರು ಕಳಿಸಿದವರೇ ಬಂದು ಕೇಳಿದರೆ ಇಲ್ಲ ಅನ್ನುವವರು ಯಾರು? ಕೇಳುವುದಕ್ಕಿಂತ ನೋಡಬೇಕಿತ್ತು ಅಂತ ನಮಗನ್ನಿಸಿತು. ಹೊಸ ಒಲೆಯೊಳಗೆ ಬೂದಿ ಇದೆಯಾ, ಇಲ್ಲ ಜೇಡರ ಬಲೆಯಾ? ಪಕ್ಕದ ಹಳೆ ಒಲೆ ಇನ್ನೂ ಬೆಚ್ಚಗಿದೆಯಾ? ಗೋಡೆಯ ಮಸಿ ಹೊಸದಾ? ಒಂದು ವಾರ ಸೌದೆಯನ್ನು ತೂಗಿ ನೋಡಿದರೆ ಇನ್ನೂ ಒಳ್ಳೆಯದು. ಎಷ್ಟೋ ಮನೆಗಳಲ್ಲಿ ಎರಡೂ ಒಲೆ ಒಟ್ಟಿಗೇ ಉರಿಯುತ್ತವೆ. ಆಗ ಉಳಿತಾಯದ ಲೆಕ್ಕವೇ ಬೇರೆ. 2024ರಲ್ಲಿ ಬಂದ ಒಂದು ಸಂಶೋಧನೆಯ ಪ್ರಕಾರ, ಪರಿಶೀಲಿಸಿದ ಒಲೆ ಯೋಜನೆಗಳಿಗೆ ಸಿಕ್ಕ ಕ್ರೆಡಿಟ್ ನಿಜವಾದ ಉಳಿತಾಯಕ್ಕಿಂತ ಸುಮಾರು 9 ಪಟ್ಟು ಜಾಸ್ತಿ.

ಕಾಡು ಉಳಿಸುವ ಯೋಜನೆಗಳ ಕಥೆಯೂ ಅಷ್ಟೇ. 2023ರಲ್ಲಿ ಆರು ದೇಶಗಳ 26 ಯೋಜನೆಗಳನ್ನು ನೋಡಿದ ಅಧ್ಯಯನವೊಂದರಲ್ಲಿ, ಹೆಚ್ಚಿನ ಕಡೆ ಕಾಡು ಕಡಿಯುವುದು ಹೇಳಿಕೊಳ್ಳುವಷ್ಟು ತಗ್ಗಿರಲಿಲ್ಲ. ಕ್ರೆಡಿಟ್ ಕೊಡಿಸುವ ಪದ್ಧತಿಯಲ್ಲಿ ಆಡಿಟ್ ಕಡ್ಡಾಯವಾಗಿದ್ದರೂ ಹೀಗೆ.

ಇದಕ್ಕೆ ಒಂದು ಮುಖ್ಯ ಕಾರಣ, ಸಾಮಾನ್ಯವಾಗಿ ಆಡಿಟರ್‌ನನ್ನು ಆರಿಸಿ ಫೀಸು ಕೊಡುವುದು ಯೋಜನೆ ನಡೆಸುವವರೇ. ಪರೀಕ್ಷೆ ಬರೆದವನೇ ಪೇಪರ್ ತಿದ್ದುವವರನ್ನು ಗೊತ್ತುಮಾಡಿದ ಹಾಗಲ್ವಾ? ಆಡಿಟರ್‌ಗಳಿಗೆ ಐಎಸ್‌ಒ 14065 ಅಂತ ಮಾನದಂಡವಿದೆ, ಮಾನ್ಯತೆ ಪಡೆಯಬೇಕು, ಅದೆಲ್ಲ ಸುಳ್ಳಲ್ಲ. ಎಷ್ಟೋ ಮಂದಿ ಶ್ರದ್ಧೆಯಿಂದಲೇ ಕೆಲಸ ಮಾಡುತ್ತಾರೆ. ಆದರೆ ಮುಂದಿನ ಕೆಲಸವೂ ಅದೇ ಗಿರಾಕಿಯಿಂದ ಬರಬೇಕಾದಾಗ ಪೆನ್ನು ಸ್ವಲ್ಪ ಮೆತ್ತಗಾಗುತ್ತದೆ.

ಇನ್ನು ಮುಂದೆ ವೆರಿಫಿಕೇಶನ್ ವರದಿ ಎಲ್ಲರಿಗೂ ಓದಲು ಸಿಗದಿದ್ದರೆ ನಾವು ಕೊಳ್ಳುವುದಿಲ್ಲ. ಬರೀ ಪ್ರಶ್ನೆ ಕೇಳಿ ಬರೆದ ಲೆಕ್ಕ ಬೇಡ, ಮೀಟರ್ ಇಟ್ಟೋ ತೂಗಿಯೋ ಅಳೆದಿರಬೇಕು. ಕೊಂಡ ಕ್ರೆಡಿಟ್ಟನ್ನು ರಿಜಿಸ್ಟ್ರಿಯಲ್ಲಿ, ಅಂದರೆ ಕ್ರೆಡಿಟ್‌ಗಳ ದಾಖಲೆ ಪುಸ್ತಕದಲ್ಲಿ, ನಮ್ಮ ಹೆಸರಲ್ಲೇ ರದ್ದು ಮಾಡಿಸುತ್ತೇವೆ, ಬೇರೆ ಯಾರೂ ಅದನ್ನು ಮತ್ತೆ ಮಾರದ ಹಾಗೆ. ಅದರ ಸೀರಿಯಲ್ ನಂಬರ್ ನೋಟ್‌ಬುಕ್‌ನ ಹಿಂಬದಿಯಲ್ಲಿರುತ್ತದೆ. ಹುಡುಕಿ ನೋಡಿ. ಇಂಥ ಕ್ರೆಡಿಟ್ ದುಬಾರಿ. ಅದೇ ದುಡ್ಡಿಗೆ ಕಡಿಮೆ ಟನ್ ಸಿಗುತ್ತದೆ, ಆ ಸಣ್ಣ ಅಂಕಿಯನ್ನೇ ಅಚ್ಚು ಹಾಕುತ್ತೇವೆ.

ಹಾಗಿದ್ದರೂ 'ನ್ಯೂಟ್ರಲ್' ಅನ್ನುವುದಿಲ್ಲ. ನಮ್ಮ ಯಂತ್ರಗಳ ಕರೆಂಟು, ಸಾಗಣೆಯ ಡೀಸೆಲ್, ಇವುಗಳ ಹೊಗೆ ನಮ್ಮದೇ. ಇಂಥ ಕ್ರೆಡಿಟ್ ಕೊಂಡು ಒಂದು ಉತ್ಪನ್ನವನ್ನು ಹಾಗೆ ಕರೆಯುವುದನ್ನು ಯುರೋಪಿಯನ್ ಒಕ್ಕೂಟ 2026ರ ಸೆಪ್ಟೆಂಬರ್ 27ರಿಂದ ನಿಷೇಧಿಸುತ್ತಿದೆ. ನಾವು ಆ ಭಯಕ್ಕೆ ಬಿಡುತ್ತಿಲ್ಲ, ಆದರೆ ಆ ನಿಯಮ ಸರಿ ಅಂತಲೇ ನಮ್ಮ ಅಭಿಪ್ರಾಯ.

ಎಲೆ ಗುರುತಿನ ಹಳೆಯ ರಟ್ಟುಗಳು ಇನ್ನೂ ಕೆಲವು ಕಟ್ಟು ಉಳಿದಿವೆ. ಎಸೆದರೆ ಅದೂ ದಂಡವೇ. ಹಾಗಾಗಿ ಆ ಜಾಗದ ಮೇಲೆ ಬಿಳಿ ಚೀಟಿ ಅಂಟಿಸಿ ಕಳಿಸುತ್ತೇವೆ. ಚೀಟಿ ಸ್ವಲ್ಪ ಓರೆಯಾಗಿದ್ದರೆ ಬೇಸರಿಸಬೇಡಿ, ಕೈಯಲ್ಲೇ ಅಂಟಿಸುತ್ತಿದ್ದೇವೆ.

ಇಂತಿ ನಿಮ್ಮ,
ನೋಟ್‌ಬುಕ್ ಸಹಕಾರಿಯ ಸದಸ್ಯರು