ಬೋರ್ಡಿನ ಬುಡದಲ್ಲೇ ಬಾಟಲಿ

ಮಾನ್ಯ ಸಂಪಾದಕರೇ,

ನಮ್ಮೂರ ಕೆರೆ ಏರಿ ಮೇಲೆ ಹೋದ ತಿಂಗಳು ಪುರಸಭೆಯವರು ಹೊಸ ಬೋರ್ಡು ನಿಲ್ಲಿಸಿದ್ದಾರೆ. ‘ಸಾರ್ವಜನಿಕ ಸ್ಥಳದಲ್ಲಿ ಮದ್ಯಪಾನ ನಿಷೇಧಿಸಲಾಗಿದೆ. ತಪ್ಪಿದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು.’ ಹಳದಿ ಮೇಲೆ ಕಪ್ಪು ಅಕ್ಷರ, ದೂರದಿಂದಲೂ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ವಾಕಿಂಗ್ ಹೋಗುವಾಗ ನಾನು ದಿನಾ ನೋಡುತ್ತೇನೆ. ಅದರ ಬುಡದಲ್ಲಿ ದಿನಾ ನಾಲ್ಕೈದು ಕ್ವಾರ್ಟರ್ ಬಾಟಲಿ, ಒಂದಷ್ಟು ಟೆಟ್ರಾ ಪ್ಯಾಕ್, ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್ಟು ಬಿದ್ದಿರುತ್ತವೆ. ಬೋರ್ಡಿನ ಕಂಬಕ್ಕೆ ಕಟ್ಟಿದ ಸಿಮೆಂಟ್ ಕಟ್ಟೆ ಕುಡಿಯುವವರಿಗೆ ಕೂರಲು ಅನುಕೂಲವಾಗಿದೆ. ಸದ್ಯಕ್ಕೆ ಬೋರ್ಡಿನಿಂದ ಆದ ಉಪಯೋಗ ಅಷ್ಟೇ.

ನಾನು 31 ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವಳು. ಕಾಂಪೌಂಡ್ ಇಲ್ಲದ ಶಾಲೆ. ಭಾನುವಾರ ಸಂಜೆ ನಮ್ಮ ಜಗುಲಿ ಯಾರ‍್ಯಾರಿಗೋ ಬಾರ್ ಆಗುತ್ತಿತ್ತು. ಸೋಮವಾರ ಪ್ರಾರ್ಥನೆಗೆ ಮುಂಚೆ ನಾವು ಟೀಚರ್‌ಗಳೇ ಬಕೆಟ್ ಹಿಡಿದು ಮೈದಾನ ಸುತ್ತುತ್ತಿದ್ದೆವು. ಗಾಜು ಆರಿಸಲು ಮಕ್ಕಳನ್ನು ಬಿಡುತ್ತಿರಲಿಲ್ಲ. ಆದರೂ ಒಂದು ಸಲ ಕಬಡ್ಡಿ ಆಡುವಾಗ ಐದನೇ ಕ್ಲಾಸಿನ ಹುಡುಗನ ಹಿಮ್ಮಡಿ ಸೀಳಿ ಏಳು ಹೊಲಿಗೆ ಬಿತ್ತು. ಹಾಗಾಗಿ ಈ ವಿಷಯದಲ್ಲಿ ನನಗೆ ಸಿಟ್ಟು ಸ್ವಲ್ಪ ಜಾಸ್ತಿಯೇ.

ನಿಯಮ ಇಲ್ಲ ಅಂತ ಯಾರೂ ಹೇಳುವಂತಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 15(ಎ) ಕಲಮು ಇರುವುದೇ ಸಾರ್ವಜನಿಕ ಜಾಗದಲ್ಲಿ ಕುಡಿಯುವುದನ್ನು ತಡೆಯಲು. ನಿಮ್ಮ ಪತ್ರಿಕೆಯ ಅಪರಾಧ ಸುದ್ದಿಯಲ್ಲೂ ಆಗಾಗ ಬರುತ್ತದಲ್ಲ, ‘ಕುಡಿಯಲು ಸ್ಥಳಾವಕಾಶ ಮಾಡಿಕೊಟ್ಟ’ ಅಂತ? ಆ ಕೇಸುಗಳಿಗೆ ಅದೇ ಕಾಯ್ದೆಯ 32(3) ಹಾಕುತ್ತಾರೆ. ಇನ್ನು ಕುಡಿದು ಬೀದಿಯಲ್ಲಿ ರಂಪ ಮಾಡಿದವನಿಗೆ ಹಳೇ ಐಪಿಸಿಯಲ್ಲಿ ಹೆಚ್ಚೆಂದರೆ 10 ರೂಪಾಯಿ ದಂಡ ಇತ್ತು. 2024ರ ಜುಲೈನಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಅದು 1,000 ರೂಪಾಯಿವರೆಗೆ ಏರಿದೆ. 24 ಗಂಟೆವರೆಗಿನ ಸಜೆ ಮೊದಲಿನಂತೆಯೇ ಇದೆ. ಜೊತೆಗೆ ಸಮಾಜ ಸೇವೆ ಮಾಡಿಸುವ ಶಿಕ್ಷೆಯನ್ನೂ ಹೊಸದಾಗಿ ಸೇರಿಸಿದ್ದಾರೆ. ಅಂಥವರ ಕೈಗೆ ಪೊರಕೆ ಕೊಟ್ಟು ಒಂದು ಸೋಮವಾರ ಶಾಲೆ ಮೈದಾನಕ್ಕೆ ಕಳಿಸಿದರೆ ನಾನೇ ಕಾಫಿ ಮಾಡಿಕೊಡುತ್ತೇನೆ.

ಆದರೆ ಒಂದು ಸಂಜೆ ನಡೆದ ಸಂಗತಿ ಹೇಳಬೇಕು. ಏರಿ ಮೇಲೆ ನಾಲ್ಕು ಜನ ಕೂತಿದ್ದರು. ನನ್ನನ್ನು ನೋಡಿ ಒಬ್ಬ ದಡಬಡನೆ ಎದ್ದು, ಪ್ಯಾಕೆಟ್ಟನ್ನು ಬೆನ್ನ ಹಿಂದೆ ಇಟ್ಟುಕೊಂಡು, “ನಮಸ್ಕಾರ ಮಿಸ್” ಅಂದ. ನನ್ನ ಹಳೇ ಶಿಷ್ಯ. ಈಗ ಗಾರೆ ಕೆಲಸ ಮಾಡುತ್ತಾನೆ. “ಇಲ್ಲೇ ಯಾಕೋ ಕೂರ್ತೀಯ?” ಅಂತ ಗದರಿದೆ. “ಇನ್ನೆಲ್ಲಿ ಕೂರೋದು ಮಿಸ್? ವೈನ್‌ಶಾಪ್ ಹತ್ರ ನಿಲ್ಲೋ ಹಾಗಿಲ್ಲ. ಬಾರಲ್ಲಿ ಕೂತ್ರೆ ರೇಟು ಜಾಸ್ತಿ. ಮನೇಲಿ ಮಕ್ಳಿದಾರೆ” ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಕುಡಿಯೋದು ಬಿಡು ಅಂತ ಹೇಳಿ ಬಂದೆ. ಅದನ್ನು ಅವನ ಹೆಂಡತಿ ನನಗಿಂತ ಚೆನ್ನಾಗಿ, ದಿನಾ ಹೇಳುತ್ತಿರುತ್ತಾಳೆ.

ಅವನು ಹೇಳಿದ್ದು ಸುಳ್ಳಲ್ಲ. ವೈನ್‌ಶಾಪ್ ಅಂತ ನಾವು ಕರೆಯುವ ಸಿಎಲ್-2 ಅಂಗಡಿ ಮಾರಬಹುದು, ಅಲ್ಲೇ ಕುಡಿಸುವಂತಿಲ್ಲ. ಕೂತು ಕುಡಿಯಲು ಸಿಎಲ್-9 ಬಾರ್ ಅಂಡ್ ರೆಸ್ಟೋರೆಂಟಿಗೆ ಹೋಗಬೇಕು. ಅಂಗಡಿಯಲ್ಲಿ 90 ಎಂಎಲ್ ಟೆಟ್ರಾ ಪ್ಯಾಕ್ ಮಾರುತ್ತಾರೆ. ಅದನ್ನು ಯಾರಾದರೂ ಮನೆಗೆ ಒಯ್ದು, ಗಾಜಿನ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುತ್ತಾರಾ? ನೂರು ಹೆಜ್ಜೆಯೊಳಗೆ ಎಲ್ಲೋ ಒಂದು ಕಡೆ ಅದು ಮುಗಿಯುತ್ತದೆ. ಮಾರುವವರಿಗೂ ಗೊತ್ತು, ಲೈಸೆನ್ಸ್ ಕೊಡುವವರಿಗೂ ಗೊತ್ತು. ಹಿಡಿಯುವಾಗ ಮಾತ್ರ ಏರಿ ಮೇಲೆ ಕೂತ ಗಾರೆಯವನೇ ಸಿಗುತ್ತಾನೆ. ಬೈಪಾಸ್ ಪಕ್ಕ ಕಾರು ನಿಲ್ಲಿಸಿ, ಗಾಜು ಏರಿಸಿಕೊಂಡು ಕುಡಿದು, ಆಮೇಲೆ ಅದೇ ಕಾರು ಓಡಿಸಿಕೊಂಡು ಹೋಗುವವರು ಸಿಗುವುದಿಲ್ಲ. ಅವರ ಬಾಟಲಿಗಳೂ ಹೊಲದ ಬದುವಿನಲ್ಲೇ ಬಿದ್ದಿರುತ್ತವೆ.

ಪುರಸಭೆಯಲ್ಲಿ ಕೇಳಿದರೆ ‘ಲೈಸೆನ್ಸು ನಮ್ಮ ಕೈಲಿಲ್ಲ ಮೇಡಂ, ಅಬಕಾರಿಯವರದ್ದು’ ಅನ್ನುತ್ತಾರೆ. ಒಪ್ಪೋಣ. ಕಸ ಯಾರದ್ದು? ಎಗ್ ರೈಸ್ ಗಾಡಿ, ಕಬಾಬ್ ಅಂಗಡಿಗಳಿಗೆ ಅನುಮತಿ ಕೊಡುವವರು ಯಾರು? ವೈನ್‌ಶಾಪ್ ಪಕ್ಕದ ಗಾಡಿಗಳಲ್ಲಿ ಲೋಟ, ನೀರು, ನಂಚಿಕೊಳ್ಳಲು ಉಪ್ಪಿನಕಾಯಿ ಎಲ್ಲ ಸಿಗುತ್ತದೆ. ಗಾಡಿ ಹಿಂದೆ ಕುಡಿಯಲು ಬಿಟ್ಟರೆ ಅನುಮತಿ ರದ್ದು ಅಂತ ಒಮ್ಮೆ ಮಾಡಿ ತೋರಿಸಲಿ. ಅದಕ್ಕೆ ಅಬಕಾರಿ ಇಲಾಖೆ ಬೇಕಿಲ್ಲ.

ಇನ್ನೊಂದು ದಾರಿ ಪಕ್ಕದಲ್ಲೇ ಇದೆ. ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ನೀಲಗಿರಿ ಜಿಲ್ಲೆ. ಕಾಡಿನಲ್ಲಿ ಎಸೆದ ಗಾಜು ಪ್ರಾಣಿಗಳ ಕಾಲು ಸೀಳುತ್ತಿದೆ ಅಂತ ಮದ್ರಾಸ್ ಹೈಕೋರ್ಟ್ ಮಧ್ಯೆ ಬಂತು. 2022ರಿಂದ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳಲ್ಲಿ ಪ್ರತಿ ಬಾಟಲಿಗೆ 10 ರೂಪಾಯಿ ಜಾಸ್ತಿ ತೆಗೆದುಕೊಳ್ಳುತ್ತಾರೆ. ಖಾಲಿ ಬಾಟಲಿ ತಂದುಕೊಟ್ಟರೆ ಆ 10 ರೂಪಾಯಿ ವಾಪಸ್. ಕುಡಿದವನು ಎಸೆದು ಹೋದರೂ ಬೇರೆ ಯಾರೋ ಆರಿಸಿ ತಂದು ಕೊಡುತ್ತಾರೆ. ನಮ್ಮಲ್ಲಿ ಅಂಗಡಿಗಳು ಖಾಸಗಿಯವರದ್ದು, ಇದು ಆಗಲ್ಲ ಅನ್ನಬಹುದು. ಆದರೆ ಕರ್ನಾಟಕದಲ್ಲಿ ಅಂಗಡಿ ಯಾರದ್ದೇ ಇರಲಿ, ಮಾಲು ಬರುವುದು ಸರ್ಕಾರದ ಪಾನೀಯ ನಿಗಮದ ಡಿಪೋದಿಂದ. ಒಂದು ಸ್ಟಿಕ್ಕರ್ ಅಂಟಿಸಿ ಲೆಕ್ಕ ಇಡುವುದು ಅಷ್ಟು ಕಷ್ಟವಾ? ಬರೀ ಬಾಟಲಿಗಲ್ಲ, ಟೆಟ್ರಾ ಪ್ಯಾಕಿಗೂ ಇದು ಬರಬೇಕು. ಏರಿ ಮೇಲೆ ಅದೇ ಜಾಸ್ತಿ ಬಿದ್ದಿರುವುದು.

ಇದಕ್ಕೆ ಬೆಂಗಳೂರಿನಲ್ಲಿ ತೀರ್ಮಾನ ಆಗಬೇಕು, ಗೊತ್ತು. ಅಲ್ಲಿಯವರೆಗೆ ನಮ್ಮ ಪುರಸಭೆ ಮುಂದಿನ ಸಾಮಾನ್ಯ ಸಭೆಯಲ್ಲಿ ಒಂದು ನಿರ್ಣಯ ಮಾಡಿ ಸರ್ಕಾರಕ್ಕೆ ಕಳಿಸಲಿ. ಶಾಲೆಗೆ ಕಾಂಪೌಂಡ್, ಏರಿಗೆ ನಾಲ್ಕು ಬೀದಿದೀಪ ಹಾಕಿಸಲಿ. ಮೊದಲ ದೀಪ ಆ ಬೋರ್ಡಿನ ಮೇಲೇ ಇರಲಿ. ಈಗ ಕತ್ತಲಾದ ಮೇಲೆ ಅಲ್ಲಿ ಏನು ಬರೆದಿದೆ ಅಂತಲೇ ಕಾಣುವುದಿಲ್ಲ.

ಇತಿ,
ಒಬ್ಬ ನಿವೃತ್ತ ಶಿಕ್ಷಕಿ
ಹಾಸನ ಜಿಲ್ಲೆ