ಬ್ಯಾಟರಿ ಯಂತ್ರಗಳ ಪೆಟ್ಟಿಗೆಯ ಮೇಲೆ ವ್ಯಾಟ್-ಅವರ್ ಬರೆಯಿಸಿ

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿದು ಅಂಗಳದ ಹುಲ್ಲು ಮೊಣಕಾಲುದ್ದ ಬೆಳೆಯುವ ಹೊತ್ತಿಗೆ ಬ್ಯಾಟರಿಯ ಹುಲ್ಲು ಕತ್ತರಿಸುವ ಯಂತ್ರ, ಪುಟ್ಟ ಚೈನ್ ಗರಗಸ, ಸ್ಪ್ರೇಯರ್‌ಗಳ ವ್ಯಾಪಾರ ಜೋರಾಗುತ್ತದೆ. ಹೊತ್ತಿಗೆ ಸರಿಯಾಗಿ ಆಳು ಸಿಗದ ಮಲೆನಾಡು, ಕರಾವಳಿಯ ಹಿತ್ತಲುಗಳಿಗೂ, ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನ ಕೈತೋಟಗಳಿಗೂ ಇವು ನಿಜಕ್ಕೂ ಉಪಕಾರಿ. ಹೊಗೆಯಿಲ್ಲ, ಹಗ್ಗ ಎಳೆದು ಸ್ಟಾರ್ಟ್ ಮಾಡುವ ಕಷ್ಟವಿಲ್ಲ, ವಯಸ್ಸಾದವರೂ ಹಿಡಿಯಬಹುದು. ಆದರೂ ಎಷ್ಟೋ ಮನೆಗಳಲ್ಲಿ ಇವು ಎರಡನೇ ಮಳೆಗಾಲಕ್ಕೆಲ್ಲ ಅಟ್ಟ ಸೇರುತ್ತವೆ. ಮೋಟಾರು ಚೆನ್ನಾಗಿಯೇ ಇರುತ್ತದೆ, ಸತ್ತಿರುವುದು ಬ್ಯಾಟರಿ. ಆ ಬ್ಯಾಟರಿಯ ಬಗ್ಗೆ ಕೊಳ್ಳುವಾಗ ಯಾರೂ ಸರಿಯಾಗಿ ಹೇಳಿರುವುದಿಲ್ಲ.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 48 ವಿಎಫ್, 88 ವಿಎಫ್, 288 ವಿಎಫ್ ಎಂದೆಲ್ಲ ಅಚ್ಚಾಗಿರುತ್ತದೆ. ಅಂಕಿ ದೊಡ್ಡದಾದಷ್ಟೂ ಶಕ್ತಿ ಹೆಚ್ಚು ಎಂದು ಗಿರಾಕಿ ತಿಳಿಯುತ್ತಾನೆ, ಅಂಗಡಿಯವರೂ ಹಾಗೆಯೇ ಹೇಳುತ್ತಾರೆ. ಈ ‘ವಿಎಫ್’ ಎಂಬುದು ಯಾವ ಅಳತೆಯೂ ಅಲ್ಲ. ಇಂಥ ಬ್ಯಾಟರಿಗಳ ಒಳಗೆ ಸಾಮಾನ್ಯವಾಗಿ ಇರುವುದು 18650 ಎಂಬ ಲಿಥಿಯಂ ಸೆಲ್ಲುಗಳು. ಒಂದೊಂದೂ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಒಂದು ಸೆಲ್ಲಿನ ಸರಾಸರಿ ವೋಲ್ಟೇಜು 3.6, ಪೂರ್ತಿ ತುಂಬಿದಾಗ 4.2. ಐದು ಸೆಲ್ಲು ಸಾಲಾಗಿ ಜೋಡಿಸಿದರೆ 18 ವೋಲ್ಟ್, ತುಂಬಿದಾಗ 21. ಪೆಟ್ಟಿಗೆ 48 ಎನ್ನಲಿ, 288 ಎನ್ನಲಿ, ಈ ಬಗೆಯ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಅದರ ಪ್ಲಸ್, ಮೈನಸ್ ತುದಿಗಳಿಗೆ ಮಲ್ಟಿಮೀಟರ್ ಮುಟ್ಟಿಸಿದರೆ ಮುಳ್ಳು 21ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಪರಿಚಯದ ಎಲೆಕ್ಟ್ರಿಷಿಯನ್ ಯಾರಾದರೂ ಇದನ್ನು ಅರೆ ನಿಮಿಷದಲ್ಲಿ ತೋರಿಸಿಕೊಡಬಲ್ಲರು.

ಕೇಳಬೇಕಾದ ಅಂಕಿ ವ್ಯಾಟ್-ಅವರ್, ಅಂದರೆ ಬ್ಯಾಟರಿಯಲ್ಲಿ ಒಟ್ಟು ಎಷ್ಟು ಶಕ್ತಿ ಹಿಡಿಯುತ್ತದೆ ಎಂಬ ಲೆಕ್ಕ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಅದು ಸಿಗುತ್ತದೆ. 1.5 ಆಂಪಿಯರ್-ಅವರ್‌ನ ಹತ್ತು ಸೆಲ್ಲುಗಳನ್ನು ಐದೈದರ ಎರಡು ಸಾಲು ಮಾಡಿ ಕಟ್ಟಿದ ಬ್ಯಾಟರಿ 18 ವೋಲ್ಟ್, 3 ಆಂಪಿಯರ್-ಅವರ್, ಅಂದರೆ 54 ವ್ಯಾಟ್-ಅವರ್. ಹಸಿ ಹುಲ್ಲಿನಲ್ಲಿ ಯಂತ್ರ 300 ವ್ಯಾಟ್ ಎಳೆದರೆ ಅದು ನಡೆಯುವುದು ಹನ್ನೊಂದು ನಿಮಿಷ ಮಾತ್ರ. ಇದೇ ಒಂದು ಲೆಕ್ಕ ಅಂಗಡಿಯಲ್ಲೇ ಗೊತ್ತಾಗಿದ್ದರೆ ಅರ್ಧದಷ್ಟು ಜನ ಬೇರೆ ಮಾದರಿ ಕೊಳ್ಳುತ್ತಿದ್ದರು, ಇಲ್ಲವೇ ಮೊದಲೇ ಎರಡನೇ ಬ್ಯಾಟರಿ ಕೇಳುತ್ತಿದ್ದರು. ವಿಮಾನದಲ್ಲಿ ಬ್ಯಾಟರಿ ಒಯ್ಯುವಾಗಲೂ ನೋಡುವುದು ಇದೇ ಅಂಕಿಯನ್ನು. 100 ವ್ಯಾಟ್-ಅವರ್ ದಾಟಿದರೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಹಾಗಾಗಿ ನಿಯತ್ತಿನ ತಯಾರಕರು ಬ್ಯಾಟರಿಯ ಮೈಮೇಲೆ ಅದನ್ನು ಅಚ್ಚು ಹಾಕಿರುತ್ತಾರೆ. ಸೆಲ್ಲು, ಬ್ಯಾಟರಿಗಳ ಸುರಕ್ಷತೆಗೆ ಸಂಬಂಧಿಸಿದ ಐಎಸ್ 16046 ಗುರುತೂ ಇದೆಯೇ ಎಂದು ನೋಡಿಕೊಳ್ಳಬೇಕು.

ಅಂಕಿಯೇ ಇಲ್ಲದಿದ್ದರೆ ತಕ್ಕಡಿ ಇದೆ. ಒಂದು 18650 ಸೆಲ್ಲು ಸುಮಾರು 45 ಗ್ರಾಂ ತೂಗುತ್ತದೆ, ಹತ್ತಕ್ಕೆ 450 ಗ್ರಾಂ. ಹತ್ತು ಸೆಲ್ಲು ಎಂದು ಮಾರುವ ಬ್ಯಾಟರಿ ಪ್ಲಾಸ್ಟಿಕ್ ಕವಚ, ತಂತಿ ಎಲ್ಲ ಸೇರಿ 400 ಗ್ರಾಂ ತೂಗಿದರೆ ಒಳಗೆ ಐದೇ ಸೆಲ್ಲು ಇವೆ, ಉಳಿದದ್ದು ಖಾಲಿ ಜಾಗ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಬ್ಯಾಟರಿಯನ್ನು ಮನೆಯಲ್ಲಿ ಬಿಚ್ಚಿ ನೋಡಲು ಮಾತ್ರ ಹೋಗಬಾರದು, ಸ್ಕ್ರೂ ಡ್ರೈವರ್ ತಗುಲಿ ಶಾರ್ಟ್ ಆದರೆ ಬೆಂಕಿ ಏಳುತ್ತದೆ.

ಇನ್ನು ಬ್ಯಾಟರಿ ಸಾಯುವುದೇಕೆ ಎಂಬುದು. ಕೆಲಸ ಮುಗಿದೊಡನೆ ಕೈಸುಡುವಷ್ಟು ಬಿಸಿಯಿರುವ ಬ್ಯಾಟರಿಯನ್ನು ಹಾಗೆಯೇ ಚಾರ್ಜಿಗೆ ಹಾಕುವುದು ಮೊದಲ ಕಾರಣ. ಅರ್ಧ ಗಂಟೆಯಾದರೂ ನೆರಳಿನಲ್ಲಿ ಆರಬೇಕು. ಶೀಟಿನ ಮಾಡಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ಚಾರ್ಜ್ ಮಾಡುವುದೂ ಅಷ್ಟೇ ಕೆಟ್ಟದ್ದು. ಎರಡನೆಯದು, ಮಳೆಗಾಲ ಮುಗಿದ ಮೇಲೆ ಖಾಲಿ ಬ್ಯಾಟರಿಯನ್ನು ಯಂತ್ರಕ್ಕೆ ಸಿಕ್ಕಿಸಿಯೇ ಇಟ್ಟುಬಿಡುವುದು. ಸ್ವಿಚ್ಚು ಆಫ್ ಇದ್ದರೂ ಕೆಲವು ಯಂತ್ರಗಳು ತುಸು ತುಸು ಕರೆಂಟು ಹೀರುತ್ತವೆ. ಆರು ತಿಂಗಳ ನಂತರ ಸೆಲ್ಲುಗಳು ಎಷ್ಟು ಕೆಳಗಿಳಿದಿರುತ್ತವೆಂದರೆ ಚಾರ್ಜರಿನ ದೀಪವೇ ಬದಲಾಗುವುದಿಲ್ಲ. ಐದು ಸೆಲ್ಲಿನ ಸಾಲು 10 ವೋಲ್ಟಿಗಿಂತ ಕೆಳಗಿಳಿದಿದ್ದರೆ ಅದನ್ನು ಬೇರೆ ಚಾರ್ಜರ್ ಕೊಟ್ಟು ‘ಎಬ್ಬಿಸುವ’ ಸಾಹಸ ಬೇಡ. ಒಳಗೆ ಹಾನಿಯಾದ ಸೆಲ್ಲು ಚಾರ್ಜ್ ಆಗುವಾಗಲೇ ಹೊತ್ತಿಕೊಳ್ಳಬಹುದು. ದೀರ್ಘಕಾಲ ಇಡುವುದಾದರೆ ಅರ್ಧದಷ್ಟು ಚಾರ್ಜ್ ಮಾಡಿ, ಯಂತ್ರದಿಂದ ಬಿಡಿಸಿ, ತಂಪಾದ ಒಣ ಜಾಗದಲ್ಲಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ನೋಡಿಕೊಂಡರೆ ಸಾಕು.

ಚಾರ್ಜರ್ ಅದಲು ಬದಲಾಗುವುದು ಇನ್ನೂ ಅಪಾಯ. ಪಿನ್ನು ಒಂದೇ ಎಂದು ಎಲೆಕ್ಟ್ರಿಕ್ ಸೈಕಲ್ಲಿನ ಚಾರ್ಜರನ್ನು ಇದಕ್ಕೆ ಚುಚ್ಚಬಾರದು. 21 ವೋಲ್ಟಿಗೆ ನಿಲ್ಲಬೇಕಾದ ಬ್ಯಾಟರಿಗೆ ಹೆಚ್ಚು ವೋಲ್ಟು ಹೋದರೆ ಅಗ್ಗದ ಬ್ಯಾಟರಿಯ ಒಳಗಿನ ರಕ್ಷಣಾ ಸರ್ಕ್ಯೂಟನ್ನು ನಂಬಿ ಕೂರಲಾಗದು. ಅಮೆರಿಕದಿಂದ ಮಕ್ಕಳು ತಂದುಕೊಟ್ಟ ಯಂತ್ರವಾದರೆ ಚಾರ್ಜರಿನ ಮೇಲೆ 100–240 ವೋಲ್ಟ್ ಎಂದಿದೆಯೇ ನೋಡಿ. ಅಲ್ಲಿನ ಪ್ಲಗ್ಗು 120 ವೋಲ್ಟಿನದು. 120 ಎಂದಷ್ಟೇ ಇದ್ದರೆ ನಮ್ಮ 230ಕ್ಕೆ ಹಾಕಿದ ಕ್ಷಣ ಸುಟ್ಟುಹೋಗುತ್ತದೆ, ಪ್ಲಗ್ಗಿನ ಅಡಾಪ್ಟರ್ ಹಾಕಿದರೂ ವೋಲ್ಟು ಇಳಿಯುವುದಿಲ್ಲ. ಗುಡುಗು ಶುರುವಾದರೆ ಚಾರ್ಜರನ್ನು ಪ್ಲಗ್ಗಿನಿಂದಲೇ ಕೀಳಬೇಕು. ಚಾರ್ಜಿಗೆ ಇಡುವ ಜಾಗ ಕಡಪ ಕಲ್ಲು ಅಥವಾ ಸಿಮೆಂಟು ನೆಲವಾಗಿರಲಿ. ಹಾಸಿಗೆ, ಗೋಣಿಚೀಲ, ಒಣಹುಲ್ಲು ಹತ್ತಿರವೂ ಇರಬಾರದು.

ಹುಲ್ಲು ಯಂತ್ರದಲ್ಲಿ ಚಾರ್ಜು ಬೇಗ ಇಳಿಯಲು ಹುಲ್ಲು ಕತ್ತರಿಸುವ ನೈಲಾನ್ ದಾರವೂ ಕಾರಣ. 1.6 ಮಿ.ಮೀ. ದಾರಕ್ಕೆ ಮಾಡಿದ ಯಂತ್ರಕ್ಕೆ ‘ಗಟ್ಟಿ ಇರಲಿ’ ಎಂದು 2.4 ಮಿ.ಮೀ. ದಾರ ತುರುಕಿದರೆ ಮೋಟಾರು ತಿಣುಕುತ್ತದೆ, ಬ್ಯಾಟರಿ ಕಾಯುತ್ತದೆ. ದಾರ ಪದೇ ಪದೇ ತುಂಡಾಗುತ್ತಿದ್ದರೆ ಅದು ಒಣಗಿ ಸೆಡೆತಿದೆ ಎಂದರ್ಥ. ಹಿಂದಿನ ರಾತ್ರಿ ನೀರಿನಲ್ಲಿ ನೆನೆಹಾಕಿ, ನೈಲಾನ್ ನೀರು ಹೀರಿ ಮತ್ತೆ ಬಾಗುವಂತಾಗುತ್ತದೆ. ಮೊಣಕಾಲುದ್ದದ ಹುಲ್ಲನ್ನು ಬುಡದಿಂದಲೇ ಒಮ್ಮೆಗೆ ಕತ್ತರಿಸಲು ಹೋಗದೆ ಮೇಲಿನ ಅರ್ಧ ಮೊದಲು, ಕೆಳಗಿನದು ಆಮೇಲೆ ಎಂದು ಎರಡು ಸಲ ಹೊಡೆದರೆ ಯಂತ್ರದ ತಲೆಗೆ ಹುಲ್ಲು ಸುತ್ತಿಕೊಳ್ಳುವುದು ತಪ್ಪುತ್ತದೆ. ದಾರಕ್ಕೆಂದು ಮಾಡಿದ ಯಂತ್ರಕ್ಕೆ ಕಬ್ಬಿಣದ ಬ್ಲೇಡು ಕೂರಿಸುವುದು, ಅಡ್ಡ ಬರುತ್ತದೆಂದು ಗಾರ್ಡು ಕಿತ್ತುಹಾಕುವುದು ಎರಡೂ ಕೂಡದು. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಬೇಕೇ ಬೇಕು. ಸಿಡಿದ ಕಲ್ಲು ದೂರ ಹಾರುತ್ತದೆ, 15 ಮೀಟರಿನೊಳಗೆ ಮಕ್ಕಳಾಗಲಿ ದನವಾಗಲಿ ಇರಬಾರದು. ಅರ್ಧ ಎಕರೆ ಅಡಿಕೆ ತೋಟದ ಮಳೆಗಾಲದ ಕಳೆಗೆ ಇವತ್ತಿಗೂ ಪೆಟ್ರೋಲ್ ಯಂತ್ರವೇ ಸರಿ. ಮನೆಯಂಗಳಕ್ಕೆ ಬ್ಯಾಟರಿ ಸಾಕು. ಅಪರೂಪಕ್ಕೊಮ್ಮೆ ಬಳಸುವವರ ಪೆಟ್ರೋಲ್ ಯಂತ್ರದಲ್ಲಿ ಎಥೆನಾಲ್ ಬೆರೆತ ಇಂಧನ ತೇವ ಹೀರಿ ಕಾರ್ಬುರೇಟರ್ ಕೆಡಿಸುತ್ತದೆ, ಇಲ್ಲಿ ಆ ತಾಪತ್ರಯವಿಲ್ಲ.

ನಾಲ್ಕು, ಆರು ಇಂಚಿನ ಪುಟ್ಟ ಚೈನ್ ಗರಗಸ ನೋಡಲು ಆಟಿಕೆಯಂತಿದ್ದರೂ ಕೈಬೆರಳು ತೆಗೆಯಲು ಅದಕ್ಕೆ ಕ್ಷಣ ಸಾಕು. ಚೈನು ಸುತ್ತುವ ಪಟ್ಟಿಯ ಮೂತಿಯ ಮೇಲಂಚು ಕೊಂಬೆಗೆ ತಾಗಿದರೆ ಗರಗಸ ಹಿಂದಕ್ಕೆ, ಮುಖದ ಕಡೆಗೆ ಚಿಮ್ಮುತ್ತದೆ. ಏಣಿಯ ಮೇಲೆ ನಿಂತು ಒಂದೇ ಕೈಯಲ್ಲಿ ಹಿಡಿಯುವುದಂತೂ ಬೇಡವೇ ಬೇಡ. ಚೈನಿಗೆ ಆಗಾಗ ಎಣ್ಣೆ ಬಿಡಬೇಕು, ಇಲ್ಲದಿದ್ದರೆ ಪಟ್ಟಿ ನೀಲಿಗಟ್ಟಿ ಬ್ಯಾಟರಿಯೂ ಬೇಗ ಇಳಿಯುತ್ತದೆ. ಗ್ಯಾರೇಜಿನ ಸುಟ್ಟ ಎಂಜಿನ್ ಎಣ್ಣೆ ಬಳಸಿದರೆ ಅದು ಚಿಮ್ಮಿ ತೋಟದ ಮಣ್ಣು ಸೇರುತ್ತದೆ. ಗರಗಸದಿಂದ ಚಕ್ಕೆ ಬದಲು ಹಿಟ್ಟಿನಂಥ ಪುಡಿ ಉದುರಿದರೆ ಹಲ್ಲು ಮೊಂಡಾಗಿದೆ ಎಂದು ತಿಳಿಯಬೇಕು. ಇವಕ್ಕೆ ಸಾಮಾನ್ಯವಾಗಿ 4 ಮಿ.ಮೀ. ದುಂಡು ಅರ ಹಿಡಿಸುತ್ತದೆ. ಭಾರದ ಕೊಂಬೆಯನ್ನು ಒಂದೇ ಏಟಿಗೆ ಮೇಲಿನಿಂದ ಕೊಯ್ದರೆ ಅದು ಬೀಳುವಾಗ ಕಾಂಡದ ಸಿಪ್ಪೆಯನ್ನೂ ಸುಲಿದುಕೊಂಡು ಬರುತ್ತದೆ, ಆ ಗಾಯದಲ್ಲಿ ಮಳೆನೀರು ನಿಂತು ಮರ ಕೊಳೆಯುತ್ತದೆ. ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ದು, ಅದಕ್ಕಿಂತ ಸ್ವಲ್ಪ ಹೊರಗೆ ಮೇಲಿನಿಂದ ಕೊಯ್ದು ಕೊಂಬೆ ಇಳಿಸಿ, ಉಳಿದ ಮೋಟನ್ನು ಬುಡದ ಉಬ್ಬಿನ ಹೊರಗೆ ತೆಗೆಯುವುದು ಸರಿಯಾದ ಕ್ರಮ. ಸಿಕ್ಕಿಕೊಂಡ ನಾರು ಬಿಡಿಸುವ ಮುನ್ನ ಬ್ಯಾಟರಿ ಕಳಚಿಡಬೇಕು. ಬ್ಯಾಟರಿಯ ಸವರುಗತ್ತರಿಗೂ ಇದೇ ಮಾತು.

ಬೆನ್ನಿಗೆ ಹಾಕುವ 16 ಲೀಟರಿನ ಸ್ಪ್ರೇಯರ್‌ಗಳ ಕಥೆ ಬೇರೆ. ಇವುಗಳಲ್ಲಿ ಬಹುಪಾಲು 12 ವೋಲ್ಟ್, 8 ಅಥವಾ 12 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯವು. ಲಿಥಿಯಂ ಬ್ಯಾಟರಿಯನ್ನು ಅರ್ಧ ತುಂಬಿ ಇಡಬೇಕು, ಸೀಸದ್ದನ್ನು ಪೂರ್ತಿ ತುಂಬಿಯೇ ಇಡಬೇಕು. ಖಾಲಿ ಇಟ್ಟರೆ ಒಳಗಿನ ತಗಡುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಹೊತ್ತು ಚಾರ್ಜ್ ಮಾಡಿದರೂ ಒಂದೆರಡು ಕ್ಯಾನು ಹೊಡೆಯುವಷ್ಟರಲ್ಲಿ ಪಂಪು ಸೊರಗುತ್ತದೆ. ಬೇಡದ ಕಾಲದಲ್ಲೂ ತಿಂಗಳಿಗೊಮ್ಮೆ ಚಾರ್ಜ್ ತಪ್ಪಿಸಬಾರದು.

ಕಾಳುಮೆಣಸಿನ ಬಳ್ಳಿಗೆ ಮಳೆಗಾಲದ ಮುಂಚೆ ಶೇ 1ರ ಬೋರ್ಡೋ ದ್ರಾವಣ ಹೊಡೆಯುವವರು ಗಮನಿಸಬೇಕಾದದ್ದೊಂದಿದೆ. 10 ಲೀಟರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಐದೈದು ಲೀಟರ್ ನೀರಿಗೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕಲಕುತ್ತಾ ಸುರಿಯಬೇಕು. ತಿಕ್ಕಿ ಹೊಳಪು ಬರಿಸಿದ ಕಬ್ಬಿಣದ ಚಾಕು ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೇಕು. ಬಟ್ಟೆಯಲ್ಲಿ ಸೋಸದೆ ಟ್ಯಾಂಕಿಗೆ ಹಾಕಿದರೆ ಸುಣ್ಣದ ಹರಳು ನಾಜಲಿಗೆ ಸಿಕ್ಕುತ್ತದೆ. ಆಗ ಒತ್ತಡ ಏರಿ ಪಂಪು ಟಕ್ ಟಕ್ ಎಂದು ನಿಂತು ಹೊರಡತೊಡಗುತ್ತದೆ. ಮೋಟಾರು ಕೆಟ್ಟಿತೆಂದು ಬಿಚ್ಚುವ ಮೊದಲು ನಾಜಲನ್ನೂ ಹಿಡಿಕೆಯೊಳಗಿನ ಜಾಲರಿಯನ್ನೂ ತೊಳೆದು ನೋಡಿ. ಈ ಸ್ಪ್ರೇಯರ್‌ಗಳಲ್ಲಿ ಕಲಕುವ ಕಡ್ಡಿ ಇರುವುದಿಲ್ಲ, ಸುಣ್ಣ ತಳಕ್ಕಿಳಿಯದಂತೆ ಆಗಾಗ ಟ್ಯಾಂಕು ಅಲ್ಲಾಡಿಸಬೇಕು. ಕೆಲಸ ಮುಗಿದ ಮೇಲೆ ಎರಡು ಸಲ ಬರೀ ನೀರು ಹೊಡೆದು ಬಿಟ್ಟರೆ ಪಂಪಿನ ರಬ್ಬರ್ ವಾಲ್ವು ಅಂಟಿಕೊಳ್ಳುವುದಿಲ್ಲ. ಕಳೆನಾಶಕಕ್ಕೆ ಬಳಸಿದ ಟ್ಯಾಂಕನ್ನು ಗಿಡಗಳಿಗೆ ಬಳಸಲೇಬಾರದು. 2,4-ಡಿ ಔಷಧಿಯ ಅಂಶ ತುಸುವೇ ಉಳಿದಿದ್ದರೂ ಟೊಮೆಟೊ, ಬದನೆ, ಮೆಣಸಿನ ಗಿಡಗಳ ಎಲೆ ಮುರುಟುತ್ತದೆ.

ಸತ್ತ ಬ್ಯಾಟರಿ ಕಸದ ಗಾಡಿ ಸೇರುವುದು ನಿಲ್ಲಬೇಕು. ಲಾರಿಯೊಳಗೆ ಒತ್ತಿದಾಗ ಲಿಥಿಯಂ ಸೆಲ್ಲು ಜಜ್ಜಿ ಬೆಂಕಿಯಾಗುತ್ತದೆ, ಅಪಾಯಕ್ಕೆ ಸಿಕ್ಕುವವರು ಪೌರಕಾರ್ಮಿಕರು. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಹಳೆಯ ಬ್ಯಾಟರಿ ಸಂಗ್ರಹಿಸುವ ಹೊಣೆ ತಯಾರಕರು, ಆಮದುದಾರರದು. ತುದಿಗಳಿಗೆ ಟೇಪು ಸುತ್ತಿ ಪ್ರತ್ಯೇಕವಾಗಿ ಕೊಡುವುದು ನಮ್ಮ ಪಾಲಿನ ಕೆಲಸ. ಊದಿಕೊಂಡ ಬ್ಯಾಟರಿಯನ್ನು ಅಲ್ಲಿಯ ತನಕ ಮನೆಯ ಹೊರಗಿಡಬೇಕು.

ತಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಇಂಥ ಯಂತ್ರಗಳ ಬಗ್ಗೆ ಬರೆಯುವಾಗ ಬೆಲೆಯ ಜೊತೆಗೆ ವ್ಯಾಟ್-ಅವರ್, ಬಿಡಿ ಬ್ಯಾಟರಿಯ ದರ, ಅದು ಎಷ್ಟು ವರ್ಷ ಸಿಗುತ್ತದೆ ಎಂಬ ಮೂರನ್ನೂ ಕೇಳಿ ಅಚ್ಚು ಮಾಡಬೇಕೆಂದು ಕೋರುತ್ತೇನೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ, ಜಿಕೆವಿಕೆ ಕೃಷಿ ಮೇಳಗಳಲ್ಲಿ ಮಳಿಗೆ ಕೊಡುವಾಗ ಸಂಘಟಕರು ಈ ಮೂರು ವಿವರಗಳ ಫಲಕವನ್ನು ಕಡ್ಡಾಯ ಮಾಡಲಿ. ಸುಳ್ಳು ಅಂಕಿ ನಂಬಿ ಮೋಸಹೋದವರು ಬಿಲ್ಲು, ಪೆಟ್ಟಿಗೆಯ ಫೋಟೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

– ಓದುಗರೊಬ್ಬರು, ಸಾಗರ